ಹಳ್ಳಕ್ಕೆ 110, ಕೆರೆಗೆ ಪಂಜರ

ಮಸ್ಕ್‌ರ‍್ಯಾಟ್ ಹಿಡಿಯಲು ಯಾವ ಟ್ರ್ಯಾಪ್ ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಹಳ್ಳಕ್ಕಾದರೆ 110 ತಗೊಳ್ಳಿ, ಅಂದರೆ ಪ್ರಾಣಿ ತೂರುವಾಗ ಮೈಗೆ ಬಡಿದು ಬೇಗ ಕೊಲ್ಲುವ ಚೌಕಟ್ಟಿನ ಟ್ರ್ಯಾಪ್. ಪಂಜರದ ಹಾಗಿರುವ ಕಾಲನಿ ಟ್ರ್ಯಾಪ್, ಕಾಲು ಹಿಡಿಯುವ ಹಳೇ ಟ್ರ್ಯಾಪ್, ಎರಡನ್ನೂ ದುಡ್ಡು ಕೊಟ್ಟು ತಂದು, ನೀರಿಗಿಳಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ನಾನಿರುವುದು ಅಮೆರಿಕದ ಅಯೋವಾದಲ್ಲಿ, ಏಮ್ಸ್ ಊರಿನಾಚೆ. ಮನೆ ಹಿಂದಿನ ಹಳ್ಳ ಹೋಗಿ ಸೌತ್ ಸ್ಕಂಕ್ ನದಿಗೆ ಸೇರುತ್ತದೆ. ಪಕ್ಕದ ಜಮೀನಿನಲ್ಲಿ ಒಂದು ಸಣ್ಣ ಕೆರೆ ಇದೆ. ಮಸ್ಕ್‌ರ‍್ಯಾಟ್ ಅಂದರೆ ಹೆಗ್ಗಣಕ್ಕಿಂತ ದಪ್ಪನೆಯ, ಕೆಜಿ, ಒಂದೂವರೆ ಕೆಜಿ ತೂಗುವ ನೀರಿನ ಪ್ರಾಣಿ. ಕೆರೆ ಏರಿಗೆ ನೀರಿನ ಕೆಳಗಿಂದ ಬಿಲ ಕೊರೆದು ಮೇಲಕ್ಕೆ ಹತ್ತುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಏರಿಯ ಮೇಲೆ ಟ್ರ್ಯಾಕ್ಟರ್ ಹೋದಾಗ ಚಕ್ರ ಕುಸಿಯುತ್ತದೆ, ಆಗ ಗೊತ್ತಾಗುತ್ತದೆ. ನಾನು ಹಿಡಿಯುವ ಇನ್ನೊಂದು ಪ್ರಾಣಿ ಮಿಂಕ್, ನೀರುನಾಯಿಯ ಬಳಗದ್ದು, ಉದ್ದ, ತೆಳ್ಳಗೆ. ಅದು ಮಸ್ಕ್‌ರ‍್ಯಾಟನ್ನೂ ತಿನ್ನುತ್ತದೆ, ಕೋಳಿಗೂಡಿಗೂ ನುಗ್ಗುತ್ತದೆ. ಇಲ್ಲಿ ಇವನ್ನು ಹಿಡಿಯುವ ಸೀಸನ್ ಶುರುವಾಗುವುದು ನವೆಂಬರ್ ಮೊದಲ ಶನಿವಾರ. ಲೈಸೆನ್ಸ್ ಬೇಕು, ಪ್ರತಿ ಟ್ರ್ಯಾಪ್‌ಗೂ ಹೆಸರು, ವಿಳಾಸ ಇರುವ ಲೋಹದ ಬಿಲ್ಲೆ ಕಟ್ಟಬೇಕು.

ಮೊದಲು ಕಾಲನಿ ಟ್ರ್ಯಾಪ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತಲೆ ತಿಂದದ್ದು ಅದೇ. ತಂತಿಬಲೆಯ ಉದ್ದನೆಯ ಪೆಟ್ಟಿಗೆ. ಎರಡು ತುದಿಗೂ ಒಳಕ್ಕೆ ಮಾತ್ರ ತೆರೆಯುವ ಬಾಗಿಲು. ಬಿಲದ ಬಾಯಿಗೆ ಸರಿಯಾಗಿ, ಪೂರ್ತಿ ಮುಳುಗುವ ಹಾಗೆ ಇಡುತ್ತೇವೆ. ಪ್ರಾಣಿ ತಳ್ಳಿಕೊಂಡು ಒಳಗೆ ಬರುತ್ತದೆ, ಬಾಗಿಲು ತನ್ನ ಭಾರಕ್ಕೆ ತಾನೇ ಬೀಳುತ್ತದೆ, ಅದು ಒಳಗೇ ಮುಳುಗಿ ಸಾಯುತ್ತದೆ, ಹಿಂದೆಯೇ ಇನ್ನೊಂದು ಬರುತ್ತದೆ. ಒಂದೇ ಪಂಜರದಲ್ಲಿ ಒಂದೇ ರಾತ್ರಿ ಮೂರು ನಾಲ್ಕು ಸಿಗುವುದುಂಟು. ಅಂಗಡಿಯಲ್ಲಿ ಹೇಳಿದ್ದೂ ಇಷ್ಟೇ. ಕೆರೆಯಲ್ಲಿ ಅದು ನಿಜವೇ.

ಹಳ್ಳದಲ್ಲಿ ಆಗುವುದು ಬೇರೆ. ನವೆಂಬರ್ ಅಂದರೆ ಇಲ್ಲಿ ಜೋಳದ ಕಟಾವು ಮುಗಿದಿರುತ್ತದೆ. ಮೆಕ್ಕೆಜೋಳದ ತೆನೆಸಿಪ್ಪೆ, ರವದೆ, ದಂಟಿನ ಚೂರು ಎಲ್ಲ ಹೊಲದಲ್ಲೇ ಬಿದ್ದಿರುತ್ತದೆ. ಒಂದು ಮಳೆ ಬಂದರೆ ಸಾಕು, ಅಷ್ಟೂ ಹಳ್ಳಕ್ಕೆ. ಅದರ ಜೊತೆ ಕಾಟನ್‌ವುಡ್ ಮರದ ಎಲೆ. ಇವೆಲ್ಲ ತೇಲಿಕೊಂಡು ಬಂದು ಪಂಜರದ ಬಲೆಗೆ ಅಂಟುತ್ತವೆ. ಬೆಳಿಗ್ಗೆ ಹೋಗಿ ನೋಡಿದರೆ ಹರಿವಿನ ಕಡೆಯ ಮುಖ ಪೂರ್ತಿ ಮುಚ್ಚಿ ಗೋಡೆಯಾಗಿರುತ್ತದೆ. ಬಾಗಿಲು ಅಲ್ಲಾಡುವುದಿಲ್ಲ. ಮಸ್ಕ್‌ರ‍್ಯಾಟ್ ಪಕ್ಕದಲ್ಲಿ ಕೆಸರು ಕೆರೆದುಕೊಂಡು ಆರಾಮವಾಗಿ ಹೋಗಿರುತ್ತದೆ.

ಬಾಗಿಲು ಮುಚ್ಚಿಕೊಂಡರೆ ಒಂದು ಕಷ್ಟ, ತೆರೆದುಕೊಂಡರೆ ಇನ್ನೊಂದು. ಒಂದೇ ಒಂದು ರವದೆ ಬಾಗಿಲಿನ ಕೆಳಗಿನ ಅಂಚಿಗೆ ಸಿಕ್ಕಿಕೊಂಡಿತು ಅನ್ನಿ. ನೀರಿನಲ್ಲಿ ನೆಂದು ಮೆತ್ತಗಾಗಿ ತಂತಿಗೆ ಸುತ್ತಿಕೊಂಡಿರುತ್ತದೆ. ಬಾಗಿಲು ಕೆಳಗೆ ಪೂರ್ತಿ ಕೂರುವುದಿಲ್ಲ, ಎರಡು ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಒಳಗೆ ಬಂದದ್ದು ಅಲ್ಲಿ ಮೂತಿ ಇಟ್ಟು ಎತ್ತಿಕೊಂಡು ಹೊರಗೆ ಹೋಗುತ್ತದೆ. ಕೈಗವಸು ಹಾಕಿಕೊಂಡು ಆ ಸಿಪ್ಪೆ ಬಿಡಿಸಲು ಆಗುವುದೇ ಇಲ್ಲ. ಕಳಚಿ ಬರಿಗೈಯಲ್ಲಿ ಬಿಡಿಸಬೇಕು. ಮಂಜುಗಡ್ಡೆ ಕಟ್ಟುವ ಮೊದಲಿನ ನೀರು, ಬೆರಳು ಮರಗಟ್ಟುತ್ತದೆ.

ಎಲೆ ತುಂಬಿದ ಪಂಜರಕ್ಕೆ ಹರಿವಿನ ಒತ್ತಡವೂ ಜಾಸ್ತಿ. ಎರಡು ಕಡೆ ಗೂಟ ಹೊಡೆಯದಿದ್ದರೆ ಉರುಳಿಕೊಂಡು ಹೋಗುತ್ತದೆ. ನೀರು ಇಳಿದರೆ ಮೇಲಿನ ಭಾಗ ಹೊರಗೆ ಕಾಣುತ್ತದೆ. ಇದು ನನಗೆ ಎಲ್ಲಕ್ಕಿಂತ ಬೇಸರದ ವಿಷಯ. ಒಳಗಿದ್ದ ಪ್ರಾಣಿ ಮುಳುಗದೆ ರಾತ್ರಿಯೆಲ್ಲ ಒದ್ದಾಡುತ್ತದೆ. ಹಾಗೆ ಆಗಬಾರದು.

ಮಿಂಕ್‌ಗಂತೂ ಇದರ ಮಾತೇ ಬೇಡ. ಅಯೋವಾ ಕಾನೂನಿನಲ್ಲಿ ಕಾಲನಿ ಟ್ರ್ಯಾಪ್ ಮಸ್ಕ್‌ರ‍್ಯಾಟ್‌ಗೆ ಮಾತ್ರ.

ಈಗ 110. ಎರಡು ಚೌಕದ ಚೌಕಟ್ಟು, ಒಂದು ಸ್ಪ್ರಿಂಗ್, ಮಧ್ಯೆ ಮೀಸೆಯ ಹಾಗೆ ಎರಡು ತಂತಿ. ಪ್ರಾಣಿ ತೂರುವಾಗ ತಂತಿ ಅಲುಗಿದರೆ ಚೌಕಟ್ಟು ಕುತ್ತಿಗೆ ಇಲ್ಲವೇ ಎದೆಗೆ ಬಡಿಯುತ್ತದೆ. ಇದನ್ನು ಮಾಡಿದವರು ಫ್ರಾಂಕ್ ಕಾನಿಬೇರ್, ಕೆನಡಾದಲ್ಲಿ ಸ್ವತಃ ಬೇಟೆ ಹಿಡಿದು ಬದುಕಿದವರು. ಕಾಲು ಸಿಕ್ಕಿಕೊಂಡ ಪ್ರಾಣಿಗಳ ಸಂಕಟ ನೋಡಲಾಗದೆ, ಬೇಗ ಕೊಲ್ಲುವ ಟ್ರ್ಯಾಪ್ ಬೇಕೆಂದು ವರ್ಷಗಟ್ಟಲೆ ಕೂತು ಮಾಡಿದರು. 1950ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂತು. ಸಾಗರದಲ್ಲಿರುವ ನನ್ನ ತಮ್ಮ ಫೋನಿನಲ್ಲಿ ‘ಪಾಪ ಅಲ್ವಾ ಅಣ್ಣಾ, ನೋಯಲ್ವಾ ಅದಕ್ಕೆ?’ ಎಂದು ಕೇಳಿದ್ದ. ಹೌದು, ಪಾಪವೇ. ಅದಕ್ಕೇ ನಾನು 110 ಹಿಡಿದುಕೊಂಡಿರುವುದು. ಉಸಿರು ಕಟ್ಟಿ ಸಾಯಲಿ ಎಂದು ಇದು ಕಾಯುವುದಿಲ್ಲ. ಮಸ್ಕ್‌ರ‍್ಯಾಟ್ ಹತ್ತು ಹದಿನೈದು ನಿಮಿಷ ನೀರೊಳಗೆ ಉಸಿರು ಹಿಡಿಯಬಲ್ಲದು, ಯೋಚನೆ ಮಾಡಿ.

ಇಡುವುದು ಸುಲಭ. ಬಿಲದ ಬಾಯಿಂದ ಹೊರಟ ದಾರಿ ಕೆಸರಿನಲ್ಲಿ ಸಣ್ಣ ಕಾಲುವೆಯಾಗಿ ಬಿದ್ದಿರುತ್ತದೆ. ಬೂಟಿನ ತುದಿಯಿಂದ ಸವರಿದರೆ ಗೊತ್ತಾಗುತ್ತದೆ, ಅಲ್ಲಿ ತಳ ಗಟ್ಟಿ, ಅಕ್ಕಪಕ್ಕ ಮೆತ್ತಗೆ. ಆ ಕಾಲುವೆಗೆ ಅಡ್ಡಲಾಗಿ ಟ್ರ್ಯಾಪ್ ನಿಲ್ಲಿಸಿ, ಸ್ಪ್ರಿಂಗಿನ ಬಳೆಯೊಳಗೆ ಒಂದು ಕೋಲು ತೂರಿಸಿ ಕೆಸರಿಗೆ ಚುಚ್ಚಿದರೆ ಮುಗಿಯಿತು. ಎಲೆ ಬಂದರೂ ಚೌಕಟ್ಟು ದೊಡ್ಡ ತೆರೆದ ಕಿಂಡಿಯಾದ್ದರಿಂದ ಹೆಚ್ಚಿನವು ಸುಮ್ನೆ ಹಾದುಹೋಗುತ್ತವೆ. ದಂಟಿನ ತುಂಡು ತಗುಲಿ ಖಾಲಿ ಹೊಡೆಯುವುದುಂಟು. ಮತ್ತೆ ಎಳೆದು ಇಟ್ಟರೆ ಆಯಿತು, ಅರ್ಧ ನಿಮಿಷದ ಕೆಲಸ. ಕಲ್ಲಿನ ತಳ ಇರುವ ಕಡೆ ಕೋಲು ನಿಲ್ಲುವುದಿಲ್ಲ, ಅಲ್ಲಿಗೆ ತಂತಿಯ ಸ್ಟ್ಯಾಂಡ್ ಬೇಕು.

ಮಿಂಕ್‌ಗೆ ಜಾಗ ಬೇರೆ. ದಡ ನೇರವಾಗಿ ನೀರಿಗೆ ಇಳಿದಿರುವ ಕಡೆ ಮಿಂಕ್ ದಡದ ಬುಡಕ್ಕೆ ಮೈ ಒತ್ತಿಕೊಂಡು ತಳದಲ್ಲೇ ಈಜುತ್ತದೆ. ಅಲ್ಲಿ ಟ್ರ್ಯಾಪನ್ನು ದಡಕ್ಕೆ ಒತ್ತಿಸಿ, ನೀರೊಳಗೆ ನಿಲ್ಲಿಸಬೇಕು. ಬೆರಳು ಹೋಗುವಷ್ಟೂ ಸಂದು ಬಿಡಬಾರದು. ಮೀಸೆ ತಂತಿಗಳನ್ನು ಹತ್ತಿರ ತಂದು ಒಂದು ಪಕ್ಕಕ್ಕೆ ಸರಿಸಿಬಿಡುತ್ತೇನೆ, ಇಲ್ಲದಿದ್ದರೆ ಆ ತೆಳ್ಳನೆ ಮೈ ಎರಡರ ನಡುವೆ ಜಾರಿಕೊಂಡು ಹೋಗುತ್ತದೆ. ಇನ್ನೊಂದು ಒಳ್ಳೇ ಜಾಗ ಹೊಲದ ನೀರು ಬಸಿಯುವ ಪೈಪಿನ ಬಾಯಿ. ಅಯೋವಾದ ಹೊಲಗಳ ಕೆಳಗೆಲ್ಲ ಇಂಥ ಪೈಪು ಹೂತಿದ್ದಾರೆ, ಹಳ್ಳದುದ್ದಕ್ಕೂ ಅವುಗಳ ಬಾಯಿ ಕಾಣುತ್ತದೆ. ಕಂಡ ತೂತಿಗೆಲ್ಲ ತಲೆ ಹಾಕುವುದು ಮಿಂಕ್ ಬುದ್ಧಿ.

ಕಾಲು ಹಿಡಿಯುವ ಟ್ರ್ಯಾಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದಕ್ಕೆ ಆಳದ ನೀರು ಬೇಕು, ಪ್ರಾಣಿಯನ್ನು ಆಳಕ್ಕೆ ಎಳೆಯುವ ತಂತಿ ಬೇಕು, ಹಿಂದಕ್ಕೆ ಜಾರದ ಬೀಗ ಬೇಕು. ನಮ್ಮ ಹಳ್ಳದಲ್ಲಿ ನವೆಂಬರ್‌ನಲ್ಲಿ ಮೊಣಕಾಲು ಮುಳುಗುವುದೂ ಕಷ್ಟ. ನೀರು ಸಾಲದಿದ್ದರೆ ಮಸ್ಕ್‌ರ‍್ಯಾಟ್ ತನ್ನ ಕಾಲನ್ನೇ ತಿರುಚಿ ಕಿತ್ತುಕೊಂಡು ಹೋಗುತ್ತದೆ. ನನಗದು ಬೇಡ.

ದುಡ್ಡಿನ ಲೆಕ್ಕಕ್ಕೂ 110 ಸರಿ. ಒಂದು ಪಂಜರದ ಬೆಲೆಗೆ ಮೂರು ಬರುತ್ತವೆ. ಒಂದು ಬಕೆಟ್‌ನಲ್ಲಿ ಹತ್ತು ಹಾಕಿಕೊಂಡು ಒಂದೇ ಕೈಯಲ್ಲಿ ಹಿಡಿದು ದಡದುದ್ದಕ್ಕೂ ನಡೆಯಬಹುದು. ಪಂಜರ ಎರಡು ಹೊತ್ತರೆ ಕೈ ತುಂಬಿತು. ಮಸ್ಕ್‌ರ‍್ಯಾಟ್ ಚರ್ಮಕ್ಕೆ ಈಗ ಹೇಳಿಕೊಳ್ಳುವಂಥ ಬೆಲೆಯೂ ಇಲ್ಲ, ಹಾಗಾಗಿ ಖರ್ಚು ನೋಡಲೇಬೇಕು.

ಪೂರ್ತಿ ನೀರೊಳಗೆ ಇಟ್ಟು ಕೂಡಲೇ ಮುಳುಗಿಸುವಂಥ ಟ್ರ್ಯಾಪ್ ಬಿಟ್ಟರೆ ಉಳಿದವನ್ನು 24 ಗಂಟೆಯೊಳಗೆ ನೋಡಬೇಕೆಂದು ಇಲ್ಲಿನ ನಿಯಮ. ನಾನು ಯಾವುದೇ ಇಟ್ಟಿದ್ದರೂ ಕೆಲಸಕ್ಕೆ ಹೋಗುವ ಮುಂಚೆ ದಿನಾ ನೋಡುತ್ತೇನೆ. ಆ ಹೊತ್ತಿನಲ್ಲಿ ಸಿಪ್ಪೆ ಬಿಡಿಸುತ್ತಾ ಕೂರಲು ನನಗೆ ಪುರುಸೊತ್ತಿಲ್ಲ. ದಿನವಿಡೀ ಬಿಡುವಿರುವವರಿಗೆ, ನಿಂತ ನೀರು ಮಾತ್ರ ಇರುವವರಿಗೆ ಪಂಜರವೇ ಒಳ್ಳೆಯದು ಅನ್ನಿಸಬಹುದು.

ಪಕ್ಕದ ಕೆರೆಗೆಂದು ಒಂದು ಪಂಜರ ಇಟ್ಟುಕೊಂಡಿದ್ದೇನೆ. ಉಳಿದವು ಶೆಡ್‌ನಲ್ಲಿವೆ, ಏಮ್ಸ್ ಹತ್ತಿರ ಕೆರೆ ಇರುವವರು ಯಾರಾದರೂ ಬಂದು ತಗೊಂಡು ಹೋಗಲಿ. ಆ ಜಾಗಕ್ಕೆ ಇನ್ನೊಂದಷ್ಟು 110 ತರುತ್ತೇನೆ.