ಟಾಮಿಯಾ 1/35 ಟಿ-55ಎ: ಮೊದಲ ಡಯೋರಾಮಾಕ್ಕೆ ಹೇಳಿ ಮಾಡಿಸಿದ ಟ್ಯಾಂಕ್

ಆಧುನಿಕ ಯುದ್ಧದ ಡಯೋರಾಮಾ (ನೆಲ, ಗೋಡೆ, ಸೈನಿಕರ ಸಮೇತ ಚಿಕ್ಕ ಅಳತೆಯ ದೃಶ್ಯ) ಕಟ್ಟಬೇಕು ಅಂತ ಹೊರಟವರು ಮೊದಲು ಎಡವುವುದು ಕಿಟ್ ಕೊಳ್ಳುವಾಗಲೇ. ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ ಮನಸೋತು, ಒಳಾಂಗಣ, ಲೋಹದ ತಗಡಿನ ಬಿಡಿಭಾಗ, ಒಂದೊಂದೇ ಕೊಂಡಿ ಪೋಣಿಸುವ ಟ್ರ್ಯಾಕ್ ಎಲ್ಲ ಇರುವ ದೊಡ್ಡ ಕಿಟ್ ತರುತ್ತಾರೆ. ಟ್ಯಾಂಕ್ ಮುಗಿಯುವ ಹೊತ್ತಿಗೆ ಮೂರು ತಿಂಗಳು ಕಳೆದು, ನೆಲ ಮಾಡುವ ಉತ್ಸಾಹ ಬತ್ತಿರುತ್ತದೆ. ಡಯೋರಾಮಾದಲ್ಲಿ ಟ್ಯಾಂಕಿನದು ಅರ್ಧ ಕೆಲಸ, ಇನ್ನರ್ಧ ನೆಲದ್ದು. ಆ ಇನ್ನರ್ಧಕ್ಕೆ ಸಮಯ, ತಾಳ್ಮೆ ಎರಡನ್ನೂ ಉಳಿಸಿಕೊಡುವ ಕಿಟ್ ಬೇಕು. ಜಪಾನಿನ ಟಾಮಿಯಾ ಕಂಪನಿಯ ಟಿ-55ಎ (ಸೋವಿಯತ್ ಟ್ಯಾಂಕಿನ 1/35, ಅಂದರೆ ನಿಜದ ಮೂವತ್ತೈದನೇ ಒಂದು ಅಳತೆಯ ಮಾದರಿ, ನಂಬರ್ 35257, ಮೊದಲು ಬಂದದ್ದು 2002ರಲ್ಲಿ) ಇಷ್ಟು ವರ್ಷ ಕಳೆದರೂ ಆ ಜಾಗವನ್ನು ಬಿಟ್ಟುಕೊಟ್ಟಿಲ್ಲ.

ಭಾಗಗಳು ಒಂದಕ್ಕೊಂದು ಕೂರುವ ರೀತಿಯೇ ಇದರ ದೊಡ್ಡ ಗುಣ. ಸಂದು ತುಂಬಲು ಪುಟ್ಟಿ ಬೇಕಾಗುವುದು ಅಪರೂಪ. ಟಾಮಿಯಾದ ತೆಳು ಅಂಟನ್ನು (ಹಸಿರು ಮುಚ್ಚಳದ 40 ಮಿ.ಲೀ. ಬಾಟಲಿ) ಹಚ್ಚಿ ಒತ್ತಬೇಡಿ. ಎರಡು ಭಾಗ ಜೋಡಿಸಿ ಹಿಡಿದು, ಸಂದಿನ ಒಂದು ತುದಿಗೆ ಕುಂಚದ ತುದಿ ಮುಟ್ಟಿಸಿ, ಅಂಟು ತಾನೇ ಹರಿದು ಹೋಗುತ್ತದೆ. ಬೆರಳು ಸಂದಿನ ಮೇಲಿದ್ದರೆ ಅಂಟು ಬೆರಳಡಿಗೂ ಹರಿದು ಪ್ಲಾಸ್ಟಿಕ್ ಮೇಲೆ ರೇಖೆ ಸಮೇತ ಬೆರಳಚ್ಚು ಕೂರುತ್ತದೆ. ಅದನ್ನು ಉಜ್ಜಿ ತೆಗೆಯುವಷ್ಟರಲ್ಲಿ ಅಕ್ಕಪಕ್ಕದ ರಿವೆಟ್ಟೂ ಹೋಗಿರುತ್ತದೆ. ಫಿರಂಗಿ ನಳಿಗೆಯ ಉದ್ದಕ್ಕೂ ಬರುವ ಗೆರೆಯನ್ನು 400, ಆಮೇಲೆ 800 ನಂಬರಿನ ಮರಳು ಕಾಗದದಿಂದ ನೀರು ಹಚ್ಚಿ ತೆಗೆಯಬೇಕು. ಕಾಗದವನ್ನು ನಳಿಗೆಯ ಸುತ್ತ ಆಡಿಸಿ. ಒಂದೇ ಬದಿ ಉಜ್ಜಿದರೆ ದುಂಡಗಿರಬೇಕಾದ ನಳಿಗೆ ಚಪ್ಪಟೆಯಾಗುತ್ತದೆ, ಬಣ್ಣ ಬಿದ್ದ ಮೇಲೆ ಬೆಳಕಿಗೆ ಹಿಡಿದಾಗ ಅದು ಎದ್ದು ಕಾಣುತ್ತದೆ.

ಒಳಾಂಗಣ ಇಲ್ಲ. ಮೊದಲ ಡಯೋರಾಮಾಕ್ಕೆ ಅದು ಕೊರತೆಯಲ್ಲ, ಮುಚ್ಚಳ ಮುಚ್ಚಿದರೆ ಆಯಿತು. ಒಳಗೂ ಬೇಕು ಅನ್ನುವವರಿಗೆ ಮಿನಿಆರ್ಟ್ ಕಂಪನಿಯ ಟಿ-55 ಸರಣಿ ಇದೆ. ಎಂಜಿನ್, ಗುಂಡಿನ ಗೂಡು, ಚಾಲಕನ ಆಸನ ಎಲ್ಲ ಇರುವ ಆ ಕಿಟ್ಟಿನಲ್ಲಿ ಬಿಡಿಭಾಗಗಳೇ ಸಾವಿರಕ್ಕೂ ಹೆಚ್ಚು. ಅದು ಸೊಗಸಾದ ಕಿಟ್, ಆದರೆ ಮೂರನೆಯದೋ ನಾಲ್ಕನೆಯದೋ ಆಗಿ ಕೈಗೆತ್ತಿಕೊಳ್ಳುವಂಥದ್ದು.

ಟಿ-55ನ್ನು ಆರಿಸಲು ಇನ್ನೊಂದು ಕಾರಣವಿದೆ. 1958ರಿಂದ ಈಚೆಗೆ ಈ ಟ್ಯಾಂಕ್ ಕಾಣದ ಯುದ್ಧಭೂಮಿ ಕಡಿಮೆ. ಒಂದೇ ಪೆಟ್ಟಿಗೆಯಿಂದ ಅರಬ್ ಮರುಭೂಮಿ, ಆಫ್ರಿಕಾದ ಕೆಂಪು ರಸ್ತೆ, ಅಫ್ಘಾನಿಸ್ತಾನದ ಕಣಿವೆ ಯಾವುದನ್ನಾದರೂ ಕಟ್ಟಬಹುದು. ಎಚ್ಚರಿಕೆ ಬೇಕಾದದ್ದು ಮಾದರಿಯ ವಿಷಯದಲ್ಲಿ. ಟಿ-55ಎ ಬಂದದ್ದು 1963ರಲ್ಲಿ, ವಿಕಿರಣ ತಡೆಯುವ ಒಳಪದರದೊಂದಿಗೆ. ಅದರಿಂದಾಗಿಯೇ ಮೇಲಿನ ಮುಚ್ಚಳಗಳು ದಪ್ಪಗೆ ಉಬ್ಬಿಕೊಂಡಿವೆ. ಮೇಲೆ ಕೂರುವ 12.7 ಮಿ.ಮೀ. ಮೆಷಿನ್ ಗನ್ ಸೇರಿದ್ದು 1970ರ ಸುಮಾರಿಗೆ. 1968ರಲ್ಲಿ ಸೋವಿಯತ್ ಸೇನೆ ನುಗ್ಗಿದ ಪ್ರಾಗ್ ಬೀದಿಯ ದೃಶ್ಯ ಮಾಡುವುದಾದರೆ ಆ ಗನ್ ಹಾಕುವಂತಿಲ್ಲ. ಭಾರತದ ಟಿ-55 ಮಾಡುವವರು ಇನ್ನೂ ಜಾಗ್ರತೆ ವಹಿಸಬೇಕು. 1971ರಲ್ಲಿ ನಮ್ಮವರು ಪಾಕಿಸ್ತಾನದ ಟೈಪ್-59ರಿಂದ (ನೋಡಲು ಟಿ-55ನ್ನೇ ಹೋಲುವ ಚೀನಾದ ಟ್ಯಾಂಕ್) ಗುರುತು ಬೇರೆಯಾಗಲಿ ಎಂದು ನಳಿಗೆಯ ಮಧ್ಯಕ್ಕೆ ಹುಸಿ ಹೊಗೆ ಹೀರುಕ (ನಳಿಗೆಯೊಳಗಿನ ಹೊಗೆ ಹೊರಹಾಕುವ ಉಬ್ಬು ಕೊಳವೆ) ತೊಡಿಸಿದ್ದರು. ಮುಂದೆ 105 ಮಿ.ಮೀ. ಫಿರಂಗಿಯೇ ಬಂತು. ಇವೆರಡೂ ಕಿಟ್ಟಿನಲ್ಲಿಲ್ಲ, ಕೈಯಾರೆ ಮಾಡಿಕೊಳ್ಳಬೇಕು. ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಜವಾದ ಟಿ-55 ನಿಂತಿದೆ. ಆ ಕಡೆ ಹೋದವರು ಚಕ್ರ, ಟ್ರ್ಯಾಕ್, ಎಡ ಫೆಂಡರಿನ (ಟ್ರ್ಯಾಕಿನ ಮೇಲಿನ ತಗಡು) ಹೊಗೆಕೊಳವೆ ಇವನ್ನು ಹತ್ತಿರದಿಂದ ಫೋಟೋ ತೆಗೆದುಕೊಂಡು ಬನ್ನಿ, ಯಾವ ಪುಸ್ತಕವೂ ಅಷ್ಟು ಹೇಳಲಾರದು.

ಇಲ್ಲಿ ಲೆಕ್ಕ ಹಾಕುವ ದೃಶ್ಯ 1980ರ ದಶಕದ ಅಫ್ಘಾನಿಸ್ತಾನದ್ದು: ಮಣ್ಣುಗೋಡೆಯ ಪಕ್ಕ ನಿಂತ ಒಂದು ಟ್ಯಾಂಕ್, ಇಬ್ಬರು ಸೈನಿಕರು. ಟಿ-55 ಸೋವಿಯತ್ ಸೇನೆಯಲ್ಲೂ ಇತ್ತು, ಕಾಬೂಲ್ ಸರ್ಕಾರದ ಸೇನೆಯಲ್ಲೂ ಇತ್ತು. ಗಿಡಮರ ಕಡಿಮೆ, ನೀರಿಲ್ಲ, ಕಟ್ಟಡವೆಂದರೆ ಮಣ್ಣು. ಹೊಸಬರಿಗೆ ಇದಕ್ಕಿಂತ ಸಲೀಸಾದ ನೆಲ ಸಿಗುವುದಿಲ್ಲ.

ಅಂಟಿನ ಬಾಟಲಿ ತೆರೆಯುವ ಮೊದಲು ಒಂದು ಎ4 ಹಾಳೆ ತೆಗೆದುಕೊಳ್ಳಿ. 297 × 210 ಮಿ.ಮೀ. ಇರುವ ಅದೇ ನಿಮ್ಮ ಡಯೋರಾಮಾದ ಅಳತೆ. ನಿಜವಾದ ಟಿ-55ರ ಒಡಲು 6.45 ಮೀಟರ್ ಉದ್ದ, 3.27 ಮೀಟರ್ ಅಗಲ, ಫಿರಂಗಿ ಮುಂದಕ್ಕಿದ್ದರೆ ಒಟ್ಟು 9 ಮೀಟರ್. 35ರಿಂದ ಭಾಗಿಸಿದರೆ 184, 93, 257 ಮಿ.ಮೀ. ರಟ್ಟಿನಲ್ಲಿ 184 × 93ರ ಆಯತ ಕತ್ತರಿಸಿ, ಮುಂದಕ್ಕೆ 73 ಮಿ.ಮೀ. ಚಾಚುವಂತೆ ಊದುಬತ್ತಿ ಕಡ್ಡಿ ಅಂಟಿಸಿ. ಹಾಳೆಯ ಮೇಲೆ ಅದನ್ನು ತಿರುಗಿಸುತ್ತ ಹೋಗಿ. ಅಂಚಿಗೆ ಸಮಾನಾಂತರವಾಗಿ ಇಟ್ಟರೆ ಪಾರ್ಕಿಂಗ್ ಜಾಗದಂತೆ ಕಾಣುತ್ತದೆ. 15 ಡಿಗ್ರಿ ಓರೆ ಮಾಡಿದರೆ ಸುಮಾರು 260 × 140 ಮಿ.ಮೀ. ಜಾಗ ಹಿಡಿಯುತ್ತದೆ, ಹಿಂದೆ ಗೋಡೆಗೂ ಮುಂದೆ ಸೈನಿಕರಿಗೂ ಸೇರಿ 70 ಮಿ.ಮೀ. ಉಳಿಯುತ್ತದೆ. ನಳಿಗೆ ಹಲಗೆಯಾಚೆ ಚಾಚಬಾರದು, ಸಾಗಿಸುವಾಗ ಮೊದಲು ಮುರಿಯುವುದು ಅದೇ. ಸೈನಿಕ ನಿಂತರೆ 50 ಮಿ.ಮೀ., ಮೂರು ಮೀಟರ್ ಗೋಡೆ 86 ಮಿ.ಮೀ. ಇವನ್ನೂ ರಟ್ಟಿನಲ್ಲೇ ಕತ್ತರಿಸಿ ನಿಲ್ಲಿಸಿ, ಎರಡು ದಿನ ಮೇಜಿನ ಮೇಲೆ ಬಿಟ್ಟು ಹೋಗುತ್ತ ಬರುತ್ತ ನೋಡಿ. ತಪ್ಪಿದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ.

ಒಡಲಿನ ಮೇಲ್ಭಾಗ ಅಂಟಿಸುವ ಮೊದಲು ಮರೆಯಬಾರದ ಕೆಲಸವೊಂದಿದೆ. ತಳದ ಮಧ್ಯದಲ್ಲಿ 4 ಮಿ.ಮೀ. ತೂತು ಕೊರೆದು, ಒಳಗಿನಿಂದ ಎಂ4 ನಟ್ ಇಟ್ಟು ಸುತ್ತ ಎಂ-ಸೀಲ್ ಮೆತ್ತಿ. ಕೊನೆಗೆ ಟ್ಯಾಂಕನ್ನು ಹಲಗೆಗೆ ಬಿಗಿಯುವುದು ಇದರಿಂದಲೇ. ಮೆತ್ತುವಾಗ ಬೋಲ್ಟನ್ನು ಹೊರಗಿನಿಂದ ತಿರುಗಿಸಿ ಇಟ್ಟಿರಿ, ಇಲ್ಲವಾದರೆ ನಟ್ಟಿನ ಥ್ರೆಡ್ಡಿನೊಳಗೆ ಎಂ-ಸೀಲ್ ತುಂಬುತ್ತದೆ. ಬೋಲ್ಟಿಗೆ ಚೂರು ಎಣ್ಣೆ ಸವರಿದ್ದರೆ ಆಮೇಲೆ ಸುಲಭವಾಗಿ ಬಿಚ್ಚುತ್ತದೆ.

ಈ ಕಿಟ್ಟಿನಲ್ಲಿ ಹೊಸಬರು ಕೆಡಿಸುವುದು ಹೆಚ್ಚಾಗಿ ಟ್ರ್ಯಾಕನ್ನೇ. ಟಿ-55ಕ್ಕೆ ಮೇಲಿನ ಉರುಳೆಗಳಿಲ್ಲ, ಟ್ರ್ಯಾಕಿನ ಮೇಲ್ಭಾಗ ಚಕ್ರಗಳ ನೆತ್ತಿಯ ಮೇಲೆ ಜೋತು ಮಲಗಿರುತ್ತದೆ. ಪೆಟ್ಟಿಗೆಯಲ್ಲಿರುವುದು ಅಂಟು ಹಿಡಿಯುವ ಮೆದು ಪಟ್ಟಿಯ ಟ್ರ್ಯಾಕ್. ಸುಮ್ಮನೆ ತೊಡಿಸಿದರೆ ರಬ್ಬರ್ ಬ್ಯಾಂಡಿನಂತೆ ಬಿಗಿದು ನಿಲ್ಲುತ್ತದೆ, ಮೂವತ್ತಾರು ಟನ್ನಿನ ಟ್ಯಾಂಕ್ ಆಟಿಕೆಯಾಗುತ್ತದೆ. ಬಣ್ಣ ಹಚ್ಚಿದ ಮೇಲೆ ಎರಡನೆಯ ಚಕ್ರದಿಂದ ಶುರುಮಾಡಿ, ಒಂದೊಂದು ಚಕ್ರದ ನೆತ್ತಿಗೂ ಒಂದು ಹನಿ ಫೆವಿಕ್ವಿಕ್ ಇಟ್ಟು ಟ್ರ್ಯಾಕನ್ನು ಒತ್ತಿ, ಫೆಂಡರಿಗೂ ಟ್ರ್ಯಾಕಿಗೂ ನಡುವೆ ಪಾತ್ರೆ ತೊಳೆಯುವ ಸ್ಪಂಜಿನ ತುಂಡು ತುರುಕಿ ಒಣಗುವತನಕ ಬಿಡಿ. ಮೊದಲ ಮತ್ತು ಎರಡನೆಯ ಚಕ್ರದ ನಡುವೆ ಅಂತರ ಹೆಚ್ಚು, ಅಲ್ಲಿ ಜೋಲು ಇನ್ನೊಂದು ಚೂರು ಆಳ ಇರಲಿ. ಗಾಳಿಯಾಡದ ಕಡೆ ಫೆವಿಕ್ವಿಕ್ ಹಾಕಿದರೆ ಅದರ ಹಬೆ ಪಕ್ಕದ ಬಣ್ಣದ ಮೇಲೆ ಬೆಳ್ಳಗೆ ಮಂಜಿನಂತೆ ಕೂರುತ್ತದೆ, ಆದ್ದರಿಂದ ಫ್ಯಾನ್ ಹಾಕಿ ಮಾಡಿ.

ಬಣ್ಣಕ್ಕೆ ಟಾಮಿಯಾದ ಎಕ್ಸ್‌ಎಫ್-61 ಗಾಢ ಹಸಿರು ಸಾಕು. ಐದು ಭಾಗಕ್ಕೆ ಒಂದು ಭಾಗ ಎಕ್ಸ್‌ಎಫ್-57 ಬಫ್ ಬೆರೆಸಿ. ಇಷ್ಟು ಚಿಕ್ಕ ವಸ್ತುವಿನ ಮೇಲೆ ಅಪ್ಪಟ ಬಣ್ಣ ನಿಜಕ್ಕಿಂತ ಕಪ್ಪಾಗಿ ಕಾಣುತ್ತದೆ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇದ್ದರೆ ಬಣ್ಣಕ್ಕೆ ಸಮಪಾಲು ತಿನ್ನರ್, 15ರಿಂದ 20 ಪಿಎಸ್‌ಐ ಒತ್ತಡ. ಕಂಪನಿಯ ತಿನ್ನರ್ ಸಿಗದಿದ್ದರೆ ಮೆಡಿಕಲ್ ಸ್ಟೋರಿನ ಐಸೊಪ್ರೊಪೈಲ್ ಆಲ್ಕೊಹಾಲ್ ನಡೆಯುತ್ತದೆ. ಕುಂಚದಲ್ಲೇ ಹಚ್ಚುವವರಿಗೆ ಈ ಬಣ್ಣ ಒಗ್ಗುವುದಿಲ್ಲ: ಎರಡನೆಯ ಕೋಟು ಮೊದಲನೆಯದನ್ನು ಕರಗಿಸಿ ಎಬ್ಬಿಸುತ್ತದೆ. ಅಂಥವರು ವ್ಯಾಲೆಹೊ ಕಂಪನಿಯ ಬಣ್ಣ ತರಿಸಿಕೊಳ್ಳುವುದು ಒಳ್ಳೆಯದು. ಸಂದುಗೊಂದುಗಳಿಗೆ ಕ್ಯಾಮೆಲ್ ಆಯಿಲ್ ಕಲರಿನ ಬರ್ಂಟ್ ಅಂಬರ್ ಅನ್ನು ಟರ್ಪೆಂಟೈನಿನಲ್ಲಿ ಡಿಕಾಕ್ಷನ್ ನೀರಿನಷ್ಟು ತೆಳ್ಳಗೆ ಕಲಸಿ ಹರಿಸಿ. ಮೊದಲು ಹೊಳಪು ವಾರ್ನಿಷ್ ಕೋಟು ಕೊಟ್ಟಿರಬೇಕು. ಚಕ್ರದ ಅಕ್ಷದ ಸಂದಿನಲ್ಲಿ ಟರ್ಪೆಂಟೈನ್ ಮಡುಗಟ್ಟಿ ನಿಂತರೆ ಪ್ಲಾಸ್ಟಿಕ್ ಬಿರುಕು ಬಿಟ್ಟು, ಚಕ್ರ ಕೈಗೇ ಬರುತ್ತದೆ. ಹೊಗೆಕೊಳವೆ ಇರುವುದು ಎಡಗಡೆ ಹಿಂಬದಿಯಲ್ಲಿ, ಮಸಿ ಅಲ್ಲಿಗಷ್ಟೇ. ಹಿಂದೆ ಕಟ್ಟುವ ಮರದ ದಿಮ್ಮಿಗೆ ಪ್ಲಾಸ್ಟಿಕ್ ತುಂಡಿಗಿಂತ 5–6 ಮಿ.ಮೀ. ದಪ್ಪದ ಕಾಫಿ ಗಿಡದ ಒಣ ಕಡ್ಡಿ ಚೆನ್ನ, ಬಣ್ಣವನ್ನೂ ಹಚ್ಚಬೇಕಿಲ್ಲ.

ಇನ್ನು ನೆಲ. 12 ಮಿ.ಮೀ. ಎಂಡಿಎಫ್ ಹಲಗೆ ತೆಗೆದುಕೊಳ್ಳಿ. 6 ಮಿ.ಮೀ. ಹಲಗೆ ಪ್ಲಾಸ್ಟರಿನ ನೀರು ಕುಡಿದು ಬಾಗುತ್ತದೆ. ಎರಡೂ ಮುಖಕ್ಕೆ, ಅಂಚಿಗೂ ಸೇರಿಸಿ, ಎನಾಮಲ್ ಪೇಂಟ್ ಹೊಡೆದು ಒಣಗಿಸಿ. ಮೇಲ್ಮೈಯನ್ನು ಮೊಳೆಯಿಂದ ಅಡ್ಡಾದಿಡ್ಡಿ ಗೀರಿ, ಇಲ್ಲದಿದ್ದರೆ ಪ್ಲಾಸ್ಟರ್ ಹಾಳೆಯಂತೆ ಎದ್ದು ಬರುತ್ತದೆ. ಒಂದು ಲೋಟ ನೀರಿಗೆ ಎರಡು ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರಿಗೆ ಪುಡಿ ಉದುರಿಸಬೇಕೇ ಹೊರತು ಪುಡಿಗೆ ನೀರು ಸುರಿಯಬಾರದು, ಗಂಟಾಗುತ್ತದೆ. ನೀರಿನಲ್ಲೇ ಕಂದು ಪೋಸ್ಟರ್ ಬಣ್ಣ ಕದಡಿಕೊಂಡಿದ್ದರೆ ಮುಂದೆ ಎಲ್ಲಾದರೂ ಚಕ್ಕೆ ಎದ್ದರೂ ಬಿಳಿ ಹಲ್ಲು ಕಾಣಿಸುವುದಿಲ್ಲ. 5 ಮಿ.ಮೀ.ಗಿಂತ ದಪ್ಪ ಬೇಡ. ಹತ್ತು ಹದಿನೈದು ನಿಮಿಷದಲ್ಲಿ ಬಿಗಿಯುತ್ತದೆ, ಅಷ್ಟರೊಳಗೆ ಟ್ಯಾಂಕಿನ ಅಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಒಂದೂವರೆ ಮಿಲಿಮೀಟರ್ ಒಳಗಿಳಿಯುವಂತೆ ಒತ್ತಬೇಕು. ಕಾಫಿ ಲೋಟ ಇಟ್ಟಂತೆ ಟ್ಯಾಂಕನ್ನು ಗಟ್ಟಿ ನೆಲದ ಮೇಲೆ ಇಟ್ಟುಬಿಟ್ಟರೆ ಚಕ್ರದಡಿ ಬೆಳಕು ತೂರುತ್ತದೆ. ಹಿಂದಿನ ಜಾಡನ್ನು ಉಳಿದ ಟ್ರ್ಯಾಕ್ ತುಂಡಿನಿಂದ ಒತ್ತಿ ಮಾಡಿ: ಜಾಡಿನ ಅಗಲ 16.5 ಮಿ.ಮೀ., ಕೊಂಡಿಯ ಗುರುತು ಸುಮಾರು 4 ಮಿ.ಮೀ.ಗೊಂದು. ನಿಜವಾದ ಟ್ರ್ಯಾಕಿನ 580 ಮತ್ತು 137 ಮಿ.ಮೀ. ಲೆಕ್ಕ ಅದು. ಟ್ಯಾಂಕ್ ತಿರುಗಿ ನಿಂತಿದ್ದರೆ ಹೊರಬದಿಗೆ ಮಣ್ಣು ಸ್ವಲ್ಪ ಒತ್ತರಿಸಿರಲಿ.

ಮಣ್ಣಿಗೆ ನಮ್ಮ ಕೆಂಪು ಮಣ್ಣು ಆಗದು. ಅಲ್ಲಿಯ ಧೂಳು ಮಾಸಲು ಬೂದುಗಂದು. ಹೊಳೆ ಮರಳನ್ನು ಟೀ ಸೋಸುವ ಜರಡಿಯಲ್ಲಿ ಹಿಡಿದು, ಬಾಣಲೆಯಲ್ಲಿ ಹತ್ತು ನಿಮಿಷ ಹುರಿದು (ಹಸಿ ಇದ್ದರೆ ಬೂಷ್ಟು ಹಿಡಿಯುತ್ತದೆ), ಸಮಪಾಲು ಮುಲ್ತಾನಿ ಮಿಟ್ಟಿ ಬೆರೆಸಿ. ನೆಲಕ್ಕೆ ಫೆವಿಕಾಲ್–ನೀರು ಸಮಸಮ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಳಿದು, ಮೇಲೆ ಉದುರಿಸಿ. ಆ ಸೋಪಿನ ಹನಿ ಇಲ್ಲದಿದ್ದರೆ ಅಂಟು ನೀರು ಪುಡಿಯ ಮೇಲೆ ಗೋಲಿಯಾಗಿ ಉರುಳುತ್ತದೆ. ಅದೇ ಮುಲ್ತಾನಿ ಮಿಟ್ಟಿಯನ್ನು ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ, ಒಣ ಕುಂಚದಿಂದ ಟ್ಯಾಂಕಿನ ಚಕ್ರ, ಫೆಂಡರ್, ಸೈನಿಕರ ಬೂಟಿಗೂ ತಾಗಿಸಿ. ದುಬಾರಿ ಪಿಗ್ಮೆಂಟ್ (ಬಣ್ಣದ ಪುಡಿ) ಡಬ್ಬಿ ಕೊಳ್ಳುವ ಅಗತ್ಯವಿಲ್ಲ. ನೆಲದ ಧೂಳೂ ಟ್ಯಾಂಕಿನ ಧೂಳೂ ಒಂದೇ ಆದಾಗ ಎರಡೂ ಒಂದೇ ಊರಿನವು ಅನ್ನಿಸುತ್ತದೆ. ಒಣ ಹುಲ್ಲಿಗೆ ತೆಂಗಿನ ನಾರನ್ನು 8–12 ಮಿ.ಮೀ. ಕತ್ತರಿಸಿ, ಗೋಡೆಯ ಬುಡದಲ್ಲಿ ನಾಲ್ಕೈದು ಕಡೆ ಮಾತ್ರ ನೆಡಿ.

ಗೋಡೆಗೆ ಥರ್ಮಾಕೋಲ್ ಬೇಡ, ಗುಂಡುಗುಂಡಾಗಿ ಉದುರುತ್ತದೆ. ಒತ್ತಾದ ಎಕ್ಸ್‌ಪಿಎಸ್ (ಗಟ್ಟಿ ಫೋಮ್) ಹಲಗೆ 12 ಮಿ.ಮೀ. ದಪ್ಪದ್ದು ತನ್ನಿ. ಎರಡಕ್ಕೂ ಫೆವಿಕ್ವಿಕ್ ಅಥವಾ ಸ್ಪ್ರೇ ಪೇಂಟ್ ತಾಗಿದರೆ ಕರಗಿ ಹೋಗುತ್ತದೆ, ಫೆವಿಕಾಲ್ ಮಾತ್ರ ಬಳಸಬೇಕು. ಅಲ್ಲಿನ ಮಣ್ಣುಗೋಡೆಯನ್ನು ಅರ್ಧ ಮೀಟರ್ ಎತ್ತರದ ವರಸೆಗಳಾಗಿ ಒಂದರ ಮೇಲೊಂದು ಒಣಗಿಸುತ್ತ ಏರಿಸುತ್ತಾರೆ. 15 ಮಿ.ಮೀ.ಗೊಂದು ಅಡ್ಡಗೆರೆ ಪೆನ್ಸಿಲಿನಿಂದ ಒತ್ತಿ, ಗೆರೆ ನೇರವಾಗಿರಬಾರದು. ಮೇಲೆ ಮುಲ್ತಾನಿ ಮಿಟ್ಟಿ, ಫೆವಿಕಾಲ್ ಕಲಸಿದ ಗಾರೆ. ಒಂದು ಮೂಲೆ ಕುಸಿದಿದ್ದರೆ ಕುಸಿದ ಮಣ್ಣೂ ಕೆಳಗೆ ಬಿದ್ದಿರಬೇಕು. ಇದನ್ನು ಮರೆಯುವವರೇ ಹೆಚ್ಚು.

ಪೆಟ್ಟಿಗೆಯಲ್ಲಿ ದೃಶ್ಯ ಕಟ್ಟುವಷ್ಟು ಸೈನಿಕರಿಲ್ಲ. ಉಕ್ರೇನಿನ ಐಸಿಎಂ ಕಂಪನಿ ಆ ಕಾಲದ ಸೋವಿಯತ್ ಸೈನಿಕರನ್ನು 1/35ರಲ್ಲೇ ಮಾಡುತ್ತದೆ, ಅದರಿಂದ ಇಬ್ಬರನ್ನು ತೆಗೆದುಕೊಳ್ಳಿ. ಆ ಪೆಟ್ಟಿಗೆಯ ಎಲ್ಲರನ್ನೂ ನಿಲ್ಲಿಸುವ ಆಸೆ ತಡೆಯಬೇಕು. ಇಬ್ಬರ ನೋಟವೂ ಒಂದೇ ಕಡೆ ಇರಲಿ, ಅಥವಾ ಒಬ್ಬರನ್ನೊಬ್ಬರು ನೋಡಲಿ. ಹಿಮ್ಮಡಿಗೆ 0.8 ಮಿ.ಮೀ. ತಂತಿ ಚುಚ್ಚಿ ನೆಲಕ್ಕೆ ಇಳಿಸಿ, ಬರೀ ಅಂಟಿನಲ್ಲಿ ನಿಂತವರು ಮೊದಲ ಬೇಸಿಗೆಗೇ ವಾಲುತ್ತಾರೆ.

ಖರ್ಚಿನ ಮಾತಾಡುವುದಾದರೆ, ಕಿಟ್ಟಿಗೆ ಎಷ್ಟು ಕೊಟ್ಟಿರೋ ಹೆಚ್ಚುಕಡಿಮೆ ಅಷ್ಟೇ ಬಣ್ಣ, ಅಂಟು, ಸೈನಿಕರಿಗೂ ತೆಗೆದಿಡಿ. ನೆಲಕ್ಕೆ ಬೇಕಾದ್ದೆಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ, ಗಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ಹೊರದೇಶದಿಂದ ತರಿಸುವವರು ಕಿಟ್ ಮಾತ್ರ ತರಿಸಿ. ಬೆಂಕಿ ಹಿಡಿಯುವ ಅಂಟು, ಲ್ಯಾಕರ್ ಬಣ್ಣಗಳಿಗೆ ವಿಮಾನದ ಪಾರ್ಸೆಲ್ಲಿನಲ್ಲಿ ನಿರ್ಬಂಧವಿದೆ. ಅವನ್ನು ದೇಶದೊಳಗಿನ ಹಾಬಿ ಅಂಗಡಿಗಳಿಂದಲೇ ಕೊಳ್ಳಿ.

ಕೊನೆಗೆ ಬಿಗಿಯುವ ಕೆಲಸ. ಹಲಗೆಯ ಅಡಿಯಿಂದ ಬೋಲ್ಟ್ ತೂರಿಸುವಾಗ ನೆಲಕ್ಕೂ ಟ್ಯಾಂಕಿನ ತಳಕ್ಕೂ ನಡುವೆ ಸುಮಾರು 10 ಮಿ.ಮೀ. ಖಾಲಿ ಜಾಗವಿರುತ್ತದೆ. ಬರಿದೇ ಬಿಗಿದರೆ ತಳ ಕೆಳಕ್ಕೆ ಎಳೆದು ಚಕ್ರದ ತೋಳುಗಳು ಮುರಿಯುತ್ತವೆ. ಆ ಎತ್ತರವನ್ನು ಅಳೆದು, ಅಷ್ಟೇ ಉದ್ದಕ್ಕೆ ಬಾಲ್ ಪೆನ್ನಿನ ಕೊಳವೆ ಕತ್ತರಿಸಿ ಬೋಲ್ಟಿಗೆ ತೊಡಿಸಿ, ಆಮೇಲೆ ತಿರುಗಿಸಿ. ಟ್ಯಾಂಕ್ ಅಲುಗುವುದು ನಿಂತ ಕೂಡಲೇ ಸ್ಕ್ರೂ ಡ್ರೈವರ್ ಕೆಳಗಿಡಿ, ಮತ್ತೊಂದು ಸುತ್ತು ಬೇಡ.