ಎಡಗೈಗೆ ವಿಆರ್: ಹೆಡ್‌ಸೆಟ್ಟೋ, ಟಿವಿ ಮುಂದಿನ ಆಟವೋ?

ಕೈಗೆ ವ್ಯಾಯಾಮ ಕೊಡಲು ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಕಂಪ್ಯೂಟರ್ ತೋರಿಸುವ ಲೋಕದಲ್ಲಿ ಕೈಯಾಡಿಸಿ ಆಡುವ ಆಟ) ಎರಡು ಬಗೆಯಲ್ಲಿ ಆಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಣ್ಣು ಮುಚ್ಚುವ ಹಾಗೆ ತಲೆಗೆ ಹಾಕಿಕೊಳ್ಳುವ ಹೆಡ್‌ಸೆಟ್‌ಗೆ. ತಲೆಗೆ ಪೆಟ್ಟು ಬಿದ್ದ ಮೇಲೆ ನನ್ನ ಎಡಗೈ ಸ್ವಾಧೀನ ತಪ್ಪಿತ್ತು. ಭುಜ ಸ್ವಲ್ಪ ಎತ್ತಲು ಬರುತ್ತಿತ್ತು, ಬೆರಳುಗಳು ಮಾತ್ರ ಯಾವಾಗಲೂ ಮುಷ್ಟಿ.

ಮೊದಲು ಕೊಂಡಿದ್ದು ಟಿವಿ ಮುಂದೆ ಕ್ಯಾಮೆರಾ ಇಟ್ಟು ಆಡುವ ಆಟ. ಕೈಯಲ್ಲಿ ಏನೂ ಹಿಡಿಯಬೇಕಿಲ್ಲ, ಅದು ಒಳ್ಳೆಯದೇ. ಆದರೆ ದೂರದ ಹಣ್ಣು ಮುಟ್ಟಬೇಕು ಅಂದಾಗ ನಾನು ಸೊಂಟದಿಂದ ಇಡೀ ಮೈಯನ್ನೇ ಆ ಕಡೆ ವಾಲಿಸುತ್ತಿದ್ದೆ, ಮೊಣಕೈ ಮಡಚಿದ ಹಾಗೇ ಇರುತ್ತಿತ್ತು, ಆಟ ಅದಕ್ಕೂ ಅಂಕ ಕೊಡುತ್ತಿತ್ತು. ಒಂದು ತಿಂಗಳು ಖುಷಿಯಲ್ಲಿದ್ದೆ. ಆಮೇಲೆ ಫಿಸಿಯೋ ಬಂದು ನೋಡಿ, ಎದೆಗೆ ಪಟ್ಟಿ ಸುತ್ತಿ ಕುರ್ಚಿಗೆ ಕಟ್ಟಿದರು. ಅಂಕ ಪಟಪಟ ಇಳಿಯಿತು. ಕೈ ಅಲ್ಲಿಯವರೆಗೆ ಏನೂ ಕಲಿತಿರಲಿಲ್ಲ.

ಹೆಡ್‌ಸೆಟ್‌ನಲ್ಲಿ ವಸ್ತು ಎಷ್ಟು ದೂರದಲ್ಲಿದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ, ಹಾಗಾಗಿ ಕೈ ಚಾಚುವ ಆಸೆ ತಾನಾಗಿ ಬರುತ್ತದೆ. ಎದೆಪಟ್ಟಿ ಇಲ್ಲಿಯೂ ಬೇಕು.

ತಲೆನೋವು ಕೊಟ್ಟಿದ್ದು ಕಂಟ್ರೋಲರ್, ಅಂದರೆ ಹೆಡ್‌ಸೆಟ್ ಜೊತೆ ಕೈಯಲ್ಲಿ ಹಿಡಿಯುವ ಬಟನ್ ಇರುವ ಹಿಡಿಕೆ. ಬಿಗಿದ ಬೆರಳು ಬಟನ್ ಮೇಲೆ ಕೂತರೆ ಏಳುವುದೇ ಇಲ್ಲ. ಚೆಂಡು ಹಿಡಿದೆ, ಬುಟ್ಟಿಯವರೆಗೆ ಒಯ್ದೆ, ಬಿಡಲು ಆಗಲಿಲ್ಲ. ಚೆಂಡು ಕೈಗೆ ಅಂಟಿಕೊಂಡೇ ಇತ್ತು, ಎಷ್ಟು ಸಲ ಅಳು ಬಂದಿದೆಯೋ. ಕಂಟ್ರೋಲರ್ ಬಿಟ್ಟು ಬರಿಗೈಯಲ್ಲಿ ಆಡಿ ನೋಡಿದೆ. ಮುಷ್ಟಿ ಹಿಡಿದ ಕೈಯನ್ನು ಹೆಡ್‌ಸೆಟ್‌ನ ಕ್ಯಾಮೆರಾ ಸರಿಯಾಗಿ ಗುರುತಿಸಲಿಲ್ಲ, ಕೈ ತೊಡೆಗೆ ಇಳಿದರೆ ಮಾಯ.

ಕೊನೆಗೆ ಕಂಟ್ರೋಲರನ್ನು ಕ್ರೇಪ್ ಬ್ಯಾಂಡೇಜಿನಿಂದ ಅಂಗೈಗೆ ಸುತ್ತಿ, ಬೆರಳು ಬಟನ್‌ಗೆ ತಾಗದ ಹಾಗೆ ತಿರುಗಿಸಿ ಕಟ್ಟಿದೆ. ಸುಮ್ನೆ ತಾಗಿಸಿದರೆ ಸಾಕು ಅನ್ನುವ ಬಲೂನ್ ಒಡೆಯುವಂಥ ಆಟಗಳನ್ನೇ ಆರಿಸಿಕೊಂಡೆ. ಅಲ್ಲಿಂದ ಮೊಣಕೈ ಬಿಗಿತ ಬಿಡಲು ಶುರುವಾಯಿತು.

ಕನ್ನಡಿ ಚಿಕಿತ್ಸೆ (ಸರಿಯಿರುವ ಕೈ ಆಡಿಸುತ್ತಾ, ಕನ್ನಡಿಯಲ್ಲಿ ಅದನ್ನೇ ಸ್ವಾಧೀನ ತಪ್ಪಿದ ಕೈ ಎಂಬಂತೆ ನೋಡುವುದು): ಖರ್ಚು ಕಡಿಮೆ, ಕೈ ಅಲುಗದ ದಿನಗಳಲ್ಲೂ ಮಾಡಬಹುದು. ನನಗೆ ಹತ್ತು ನಿಮಿಷಕ್ಕೇ ಗಮನ ಹೋಗುತ್ತಿತ್ತು.

ತಲೆಸುತ್ತು: ನನಗೆ ನಡೆಯುವ ಆಟದಲ್ಲಿ ಜಾಸ್ತಿ, ಕೂತು ಆಡುವುದರಲ್ಲಿ ಬರಲಿಲ್ಲ. ಫಿಟ್ಸ್ ಬಂದಿದ್ದರೆ ಡಾಕ್ಟರನ್ನು ಕೇಳದೆ ಹೆಡ್‌ಸೆಟ್ ಹಾಕಲೇಬೇಡಿ.

ವಿಆರ್ ಬಂತು ಅಂತ ಮಾಮೂಲಿ ವ್ಯಾಯಾಮ ಬಿಡಬೇಡಿ. ಸ್ಟ್ರೋಕ್ ಆದವರ ಮೇಲಿನ 72 ಪ್ರಯೋಗಗಳನ್ನು 2017ರಲ್ಲಿ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಸೇರಿಸಿ ಪರಿಶೀಲಿಸುವ ಸಂಸ್ಥೆ) ಒಟ್ಟಿಗೆ ನೋಡಿತ್ತು. ಮಾಮೂಲಿ ಚಿಕಿತ್ಸೆಯ ಬದಲಿಗೆ ವಿಆರ್ ಕೊಟ್ಟಾಗ ಕೈಗೆ ಹೆಚ್ಚಿನ ಲಾಭ ಕಾಣಲಿಲ್ಲ, ಅದರ ಜೊತೆಗೆ ಸೇರಿಸಿದಾಗ ಕಂಡಿತು. ನನ್ನ ಅನುಭವವೂ ಅದೇ.

ನನಗೆ ಒಬ್ಬಳೇ ವ್ಯಾಯಾಮ ಮಾಡಲು ಬೇಜಾರು, ಆಟ ಅಂದರೆ ಅರ್ಧ ಗಂಟೆ ಕೂರುತ್ತೇನೆ. ಎರಡೆರಡು ಸಲ ಖರ್ಚು ಮಾಡುವಷ್ಟು ದುಡ್ಡಿಲ್ಲದಿದ್ದರೆ ಯಾರದ್ದಾದರೂ ಹಳೆಯ ಹೆಡ್‌ಸೆಟ್ ಒಂದು ವಾರ ಕೇಳಿ ತಗೊಳ್ಳಿ, ಬ್ಯಾಂಡೇಜ್ ಕಟ್ಟಿ ನೋಡಿ, ಆಮೇಲೆ ಕೊಳ್ಳಿ.