ಕಿವಿಯಲ್ಲಿ ಓಲೆ ಇದೆ ಅಂತ ನಂಬಿ ಹಸು ತರಬೇಡಿ

ಸೀಮೆಹಸು ತರೋಕೆ ಹೊರಟಿದ್ದೀರಾ? ಅಡ್ವಾನ್ಸ್ ಕೊಡುವ ಮುಂಚೆ ಇದನ್ನ ಓದಿ. ಕಿವಿಯಲ್ಲಿ ನಂಬರ್ ಇರುವ ಸರ್ಕಾರದ ಹಳದಿ ಓಲೆ (ಟ್ಯಾಗ್) ಇದ್ದ ಮಾತ್ರಕ್ಕೆ ಆ ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ಆಗಿದೆ ಅಂತಲ್ಲ. ಆ ಓಲೆ ಆ ಹಸುವಿನದೇ ಅಂತಲೂ ಅಲ್ಲ. ಇದು ನನಗೆ ಗೊತ್ತಾಗುವ ಹೊತ್ತಿಗೆ ನಮ್ಮ ಕೊಟ್ಟಿಗೆಗೆ ರೋಗ ನುಗ್ಗಿ ಆಗಿತ್ತು.

ಸಂಘದಲ್ಲಿ ಸಾಲ ಎತ್ತಿ 78,000 ರೂಪಾಯಿಗೆ ತಂದ ಎಚ್‌ಎಫ್ ಅನ್ನೋ ಸೀಮೆ ತಳಿಯ ಹಸು ಅದು. ಎರಡನೇ ಸೂಲು. ತಂದಿದ್ದು ದಲ್ಲಾಳಿಯ ಮನೆ ಹಿಂದಿನ ಶೆಡ್ಡಿನಿಂದ. ನಾಲ್ಕು ಕಡೆಯಿಂದ ತಂದ ಹಸುಗಳನ್ನು ಅಲ್ಲಿ ಸಾಲಾಗಿ ಕಟ್ಟಿದ್ದ. ಕೆಚ್ಚಲು ನೋಡಿದೆ. ನಾಲ್ಕೂ ತೊಟ್ಟಿನಲ್ಲಿ ಹಾಲು ಹಿಂಡಿ ನೋಡಿದೆ. ಹಲ್ಲು ನೋಡಿಸಿದೆ. ಎರಡು ಹೊತ್ತಿನ ಹಾಲು ಎದುರಿಗೇ ಅಳೆಸಿದೆ. ಆಮೇಲೆ ಲಸಿಕೆ ವಿಚಾರ ಕೇಳಿದೆ.

"ಅಕ್ಕಾ, ಓಲೆ ಇದೆ ನೋಡಿ. ಓಲೆ ಇಲ್ಲದೆ ಈಗ ಲಸಿಕೆನೇ ಹಾಕಲ್ಲ. ಸರ್ಕಾರದ್ದು" ಅಂದ. ಅಷ್ಟಕ್ಕೇ ಬಿಡದೆ ತನ್ನ ಫೋನ್ ತೆಗೆದು ಒಂದು ಫೋಟೊ ತೋರಿಸಿದ. ಹನ್ನೆರಡು ಅಂಕಿಯ ನಂಬರ್, ಕೆಳಗೆ ಕಾಲುಬಾಯಿ ಲಸಿಕೆ ಹಾಕಿದ ತಾರೀಕು. ಹಸುವಿನ ಕಿವಿ ಹಿಡಿದು ಒಂದೊಂದೇ ಅಂಕಿ ಓದಿ ಹೋಲಿಸಿದೆ. ಹನ್ನೆರಡೂ ಸರಿ ಇತ್ತು. ಇನ್ನೇನು ಕೇಳಬೇಕಿತ್ತು ಹೇಳಿ?

ಓಲೆಯ ಸುತ್ತ ಅರಿಶಿನ ಮೆತ್ತಿತ್ತು. ಅದನ್ನೂ ಕೇಳಿದೆ. "ಕಂಬಕ್ಕೆ ಉಜ್ಜಿಕೊಂಡಿದೆ ಅಕ್ಕಾ, ನೊಣ ಕೂರಬಾರದು ಅಂತ ಹಚ್ಚಿದೀವಿ" ಅಂದ. ಮುಖದಲ್ಲಿ ಒಂದು ಚೂರೂ ಅಳುಕಿರಲಿಲ್ಲ.

ಮನೆಗೆ ಬಂದ ಮರುದಿನವೇ ಹಸು ಮೇವು ಬಿಟ್ಟಿತು. ಬೂಸಾ ಇಟ್ಟರೆ ಮೂಸಿ ಸುಮ್ಮನಾಗುತ್ತಿತ್ತು. ಫೋನ್ ಮಾಡಿದೆ. "ಗಾಡಿಯಲ್ಲಿ ಬಂದ ಸುಸ್ತು ಅಕ್ಕಾ, ಜಾಗ ಹೊಸದು" ಅಂದ. ಸಂಜೆ ಬಾಯಿ ಚಪ್ಪರಿಸೋಕೆ ಶುರು ಮಾಡಿತು. ಜೊಲ್ಲು ನೂಲಿನ ಹಾಗೆ ನೆಲದ ತನಕ ಇಳಿಯುತ್ತಿತ್ತು. ಮತ್ತೆ ಫೋನ್ ಮಾಡಿದೆ. "ನೀವು ಹೆಂಗಸರು ಸುಮ್ನೆ ಗಾಬರಿ ಆಗ್ತೀರಾ. ಅಣ್ಣನ ಕೈಗೆ ಫೋನ್ ಕೊಡಿ" ಅಂದ. ಹಾಲು ಕರೆಯೋಳು ನಾನು, ಸಾಲ ನನ್ನ ಹೆಸರಲ್ಲಿ, ದುಡ್ಡು ಎಣಿಸಿ ಕೊಟ್ಟವಳು ನಾನು. ಆಗ ಮಾತ್ರ ಅಣ್ಣನ ನೆನಪು ಬರಲಿಲ್ಲ ಇವನಿಗೆ!

ಮಾರನೇ ಬೆಳಗ್ಗೆ ಪಶು ಆಸ್ಪತ್ರೆಯ ಡಾಕ್ಟ್ರು ಬಂದರು. ಬಾಯಿ ತೆರೆಸಿದರು. ನಾಲಿಗೆ ಮೇಲಿನ ಗುಳ್ಳೆ ಒಡೆದು ಚರ್ಮ ಸುಲಿದಿತ್ತು. ಗೊರಸಿನ ಸಂದಿಯಲ್ಲೂ ಗುಳ್ಳೆ. "ಕಾಲುಬಾಯಿ ಜ್ವರ ಅಮ್ಮಾ" ಅಂದರು. "ಲಸಿಕೆ ಆಗಿದೆ ಸಾರ್, ತಾರೀಕು ನಾನೇ ನೋಡಿದ್ದೀನಿ" ಅಂದೆ. ಅವರು ಓಲೆ ನಂಬರನ್ನು ತಮ್ಮ ಫೋನಿನಲ್ಲಿ ಹಾಕಿದರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇದು ಎಮ್ಮೆ ನಂಬರ್ ಅಲ್ವಾ?" ಅಂದರು.

ಎಮ್ಮೆ. ಬೇರೆ ತಾಲ್ಲೂಕಿನ ಯಾರದೋ ಮನೆಯ ಎಮ್ಮೆ. ತಾರೀಕು ನಿಜ, ಲಸಿಕೆ ನಿಜ, ಎಲ್ಲಾ ಆ ಎಮ್ಮೆಗೆ ಆಗಿದ್ದು. ದಲ್ಲಾಳಿ ತೋರಿಸಿದ ಫೋಟೊದಲ್ಲಿ ನಂಬರ್ ಇತ್ತು, ತಾರೀಕು ಇತ್ತು. ಎಮ್ಮೆ, ಇಷ್ಟು ವಯಸ್ಸು ಅಂತ ಬರೆದಿರುವ ಸಾಲನ್ನು ಕತ್ತರಿಸಿ ತೆಗೆದಿದ್ದ. ಡಾಕ್ಟ್ರು ಅರಿಶಿನ ಒರೆಸಿ ತೋರಿಸಿದರು. ತೂತು ಇನ್ನೂ ಹಸಿ ಗಾಯ. ಲಸಿಕೆ ತಾರೀಕು ನೋಡಿದರೆ ಓಲೆ ಚುಚ್ಚಿ ತಿಂಗಳುಗಳೇ ಆಗಿರಬೇಕು, ತೂತು ಯಾವಾಗಲೋ ಮಾಗಿರಬೇಕಿತ್ತು. ನಮ್ಮ ಅತ್ತೆ, ಮಗಳು, ಪಕ್ಕದ ಮನೆಯವರು ಎಲ್ಲಾ ಅಲ್ಲೇ ನಿಂತಿದ್ದರು. ನನ್ನ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ಈಗ ಇದನ್ನ ಬರೆಯುವಾಗಲೂ ಮೈ ಉರಿಯುತ್ತಿದೆ.

ಕೂಡಲೇ ಅವನಿಗೆ ಫೋನ್ ಮಾಡಿ ಎಮ್ಮೆ ನಂಬರ್ ಅಂದೆ. ಅವನ ಉತ್ತರ ಕೇಳಿ. "ಆಫೀಸಲ್ಲಿ ಕಂಪ್ಯೂಟರಲ್ಲಿ ತಪ್ಪು ಹಾಕಿರ್ತಾರೆ ಅಕ್ಕಾ." ಹಸಿ ಗಾಯದ ಬಗ್ಗೆ ಕೇಳಿದೆ. "ಹಳೇ ಓಲೆ ಬಿದ್ದುಹೋಗಿತ್ತು, ಮತ್ತೆ ಹಾಕಿದ್ವಿ." ಹಾಗಾದರೆ ಜ್ವರ ಎಲ್ಲಿಂದ ಬಂತು? "ನಿಮ್ಮ ಕೊಟ್ಟಿಗೆಯಲ್ಲೇ ಇತ್ತು. ನನ್ನ ಹಸುಗೇ ನಿಮ್ಮಿಂದ ಬಂದಿದೆ." ಕೊನೆಗೆ, "ಲಸಿಕೆ ಹಾಕಿದ್ರೂ ಬರುತ್ತೆ ಅಕ್ಕಾ, ಡಾಕ್ಟ್ರನ್ನೇ ಕೇಳಿ."

ಕೇಳಿದೆ. ಈ ವೈರಸ್ ಮೈಗೆ ಸೇರಿದ ಮೇಲೆ ಗುಳ್ಳೆ ಕಾಣೋಕೆ 2ರಿಂದ 14 ದಿನ ಹಿಡಿಯುತ್ತದೆ. ನಮ್ಮ ಮನೆಗೆ ಬಂದು ಒಂದು ರಾತ್ರಿ ಕಳೆದಿದ್ದ ಹಸು ಅಷ್ಟು ಬೇಗ ಮೇವು ಬಿಟ್ಟಿದೆ ಅಂದರೆ ರೋಗ ಅವನ ಶೆಡ್ಡಲ್ಲೇ ಹತ್ತಿದೆ. ಅದೂ ಅಲ್ಲದೆ ಗುಳ್ಳೆ ಕಾಣುವ ಮುಂಚೆಯೇ ಉಸಿರು, ಜೊಲ್ಲು, ಹಾಲಿನಲ್ಲಿ ವೈರಸ್ ಹೊರಗೆ ಬರುತ್ತಿರುತ್ತದೆ. ಅಂದರೆ ನಾನು ಅಳೆಸಿ ನೋಡಿದ ಆ ಹಾಲಿನಲ್ಲೇ ಇದ್ದಿರಬಹುದು! ಲಸಿಕೆ ಹಾಕಿದ ದನಕ್ಕೂ ಕೆಲವೊಮ್ಮೆ ಬರುತ್ತದೆ, ಅದು ಸುಳ್ಳಲ್ಲ. ನಮ್ಮ ದೇಶದಲ್ಲಿ ಹಾಕುವ ಲಸಿಕೆ ಓ, ಎ, ಏಷ್ಯಾ-1 ಅಂತ ಈ ವೈರಸ್ಸಿನ ಮೂರು ಬಗೆಯನ್ನು ತಡೆಯೋಕೆ. ಅದರ ಬಲ ಸುಮಾರು ಆರು ತಿಂಗಳು, ಅದಕ್ಕೇ ಆರು ತಿಂಗಳಿಗೊಮ್ಮೆ ಹಾಕುತ್ತಾರೆ. ಈ ಅರ್ಧ ನಿಜ ಹಿಡಿದುಕೊಂಡು ಅವನು ನನಗೇ ಪಾಠ ಹೇಳಿದ.

ಲಸಿಕೆ ಏನು ಮಾಡುತ್ತದೆ ಅನ್ನೋದು ನಮ್ಮ ಕೊಟ್ಟಿಗೆಯಲ್ಲೇ ಕಾಣಿಸಿತು. ನಮ್ಮ ಹಳೆಯ ಎರಡು ಹಸುಗಳಿಗೆ ಹಿಂದಿನ ಸುತ್ತಿನಲ್ಲೇ ಹಾಕಿಸಿದ್ದೆ. ಅವಕ್ಕೆ ಸ್ವಲ್ಪ ಜ್ವರ, ಒಂದೆರಡು ಗುಳ್ಳೆ, ಬೇಗ ಚೇತರಿಸಿಕೊಂಡವು. ಪಕ್ಕದ ಮನೆಯವರು "ಲಸಿಕೆ ಹಾಕಿದ್ರೆ ಹಾಲು ಇಳಿಯುತ್ತೆ" ಅಂತ ಹಾಕಿಸಿರಲಿಲ್ಲ. ಇಳಿದರೂ ಅದು ಕೆಲವು ದಿನದ ಮಾತು. ಈಗ ಅವರ ಹಸುವಿನ ಗೊರಸಿನಲ್ಲಿ ಹುಳ ಬಿದ್ದಿದೆ, ತೊಟ್ಟು ಮುಟ್ಟೋಕೆ ಬಿಡಲ್ಲ. ನಮ್ಮಿಂದ ಅವರಿಗೆ ಹೋಯಿತು ಅಂತ ಊರೆಲ್ಲಾ ಮಾತು. ಡೇರಿ ಹತ್ತಿರ ಯಾರೂ ಸರಿಯಾಗಿ ಮಾತಾಡಿಸುವುದಿಲ್ಲ. ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗೋಕೆ ಈ ರೋಗಕ್ಕೆ ದನವೇ ಬೇಕಿಲ್ಲ. ಚಪ್ಪಲಿ, ಬಟ್ಟೆ, ಬಕೆಟ್, ಹಾಲಿನ ಕ್ಯಾನ್, ಗಾಡಿ ಸಾಕು.

ನಮ್ಮ ಕೊಟ್ಟಿಗೆಯಲ್ಲಿ ಒಂದು ಹೆಣ್ಣು ಕರು ಇತ್ತು. ನಾಲ್ಕು ತಿಂಗಳು ತುಂಬದ ಕರುಗಳಿಗೆ ಲಸಿಕೆ ಹಾಕುವುದಿಲ್ಲ, ಇದಕ್ಕೂ ಹಾಕಿರಲಿಲ್ಲ. ಒಂದು ಗುಳ್ಳೆಯೂ ಕಾಣಲಿಲ್ಲ. ಬೆಳಗ್ಗೆ ಹಾಲು ಕುಡಿದು ಮಧ್ಯಾಹ್ನ ಬಿದ್ದುಹೋಯಿತು. ಕರುಗಳಲ್ಲಿ ಈ ವೈರಸ್ ಹೃದಯಕ್ಕೇ ಹೊಡೆಯುತ್ತದಂತೆ. ನನ್ನ ಮಗಳು ಅದಕ್ಕೆ ಹೆಸರಿಟ್ಟಿದ್ದಳು. 2013ರಲ್ಲಿ ರಾಜ್ಯದಲ್ಲಿ ಈ ಜ್ವರಕ್ಕೆ ಸಾವಿರಾರು ದನ ಸತ್ತಿದ್ದನ್ನು ಅತ್ತೆ ನೆನೆಸಿಕೊಂಡು ಇಡೀ ದಿನ ಅಳುತ್ತಿದ್ದರು.

ಕರು ಸತ್ತಿದ್ದನ್ನೂ ಅವನಿಗೆ ಹೇಳಿದೆ. "ನಾನು ಕರು ಮಾರಿಲ್ವಲ್ಲ ಅಕ್ಕಾ" ಅಂದ. ಹಾಗೇ ಅಂದ. ಅದಾದ ಮೇಲೆ ಒಂದು ಉಪಕಾರ ಬೇರೆ: "ನಮ್ಮ ಹುಡುಗನ್ನ ಕಳಿಸ್ತೀನಿ, ಬೀದಿಲಿರೋ ಎಲ್ಲಾ ದನಕ್ಕೂ ಇಂಜೆಕ್ಷನ್ ಹಾಕ್ತಾನೆ." ಡಾಕ್ಟ್ರು ಖಡಾಖಂಡಿತ ಬೇಡ ಅಂದರು. ಒಂದೇ ಸೂಜಿಯನ್ನು ಸಾಲಾಗಿ ಚುಚ್ಚಿಕೊಂಡು ಹೋದರೆ, ಅದೇ ಕೈಯಲ್ಲಿ ಅದೇ ಬಟ್ಟೆಯಲ್ಲಿ ಮನೆಮನೆ ತಿರುಗಿದರೆ, ಇನ್ನೂ ಹರಡುತ್ತದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಈ ಹುಡುಗರು ಬೈಕಿನ ಡಿಕ್ಕಿಯಲ್ಲಿ ಬಾಟಲಿ ಇಟ್ಟುಕೊಂಡು ತಿರುಗುವುದನ್ನು ನೀವೂ ನೋಡಿರುತ್ತೀರಿ.

ವಿಮೆ ಮಾತು ಬಿಡಿ. ಓಲೆ ನಂಬರ್ ಬೇರೆ ಜಾನುವಾರಿನದು ಅಂದ ಮೇಲೆ ಕಾಸೂ ಬರುವುದಿಲ್ಲ. ಹೊಸ ಹಸು ಬದುಕಿದೆ, ಆದರೆ ಹಾಲು ಅರ್ಧಕ್ಕೂ ಬಂದಿಲ್ಲ. ಬಿಸಿಲಿಗೆ ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತದೆ. ಸಾಲದ ಕಂತು ಮಾತ್ರ ವಾರ ವಾರ ಬರುತ್ತದೆ.

ನಾನು ಹೇಳುವುದು ಇಷ್ಟೇ. ದಲ್ಲಾಳಿ ಫೋನಿನ ಫೋಟೊ ನೋಡಬೇಡಿ. ಓಲೆ ನಂಬರ್ ನೀವೇ ಬರೆದುಕೊಂಡು ನಿಮ್ಮೂರ ಪಶು ಆಸ್ಪತ್ರೆಯಲ್ಲಿ ಹಾಕಿಸಿ ನೋಡಿ, ಜಾತಿ, ವಯಸ್ಸು, ಮಾಲೀಕರು ಎಲ್ಲಾ ಕೇಳಿ. ಅದು ಆಗುವ ತನಕ ಒಂದು ರೂಪಾಯಿ ಬಿಚ್ಚಬೇಡಿ. ಕಿವಿಯಲ್ಲಿ ಅರಿಶಿನ ಕಂಡರೆ ಒರೆಸಿ ನೋಡಿ. ಹಸು ಮನೆಗೆ ಬಂದ ಮೇಲೂ ಮೂರು ವಾರ ಬೇರೆ ಕಡೆ ಕಟ್ಟಿ, ಬೇರೆ ಬಕೆಟ್ ಇಡಿ, ಅದರ ಕೆಲಸ ಕೊನೆಗೆ ಮಾಡಿ. ಜಾಗ ಇಲ್ಲ ಅನ್ನಬೇಡಿ, ಮಾವಿನ ಮರದ ಕೆಳಗಾದರೂ ಕಟ್ಟಿ. ನೆಲ, ಬಕೆಟ್ ತೊಳೆಯೋಕೆ ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಸಾಕು. ಇಲಾಖೆಯ ಲಸಿಕೆ ಪುಕ್ಕಟೆ, ಬಾಗಿಲಿಗೆ ಬಂದಾಗ ಇಲ್ಲ ಅನ್ನಬೇಡಿ.

ರೋಗ ಇರುವ ದನವನ್ನು ಮಾರೋಕೆ, ಸಾಗಿಸೋಕೆ ಬಿಡದ ಕಾನೂನು 2009ರಿಂದಲೇ ಇದೆ. ಡಾಕ್ಟ್ರು ಬರೆದುಕೊಟ್ಟ ಚೀಟಿ, ಓಲೆಯ ಫೋಟೊ ಇಟ್ಟು ದೂರು ಕೊಟ್ಟಿದ್ದೇನೆ. ಅದನ್ನು ಹೇಳಿದಾಗ "ಕೊಟ್ಕೊಳ್ಳಿ ಅಕ್ಕಾ" ಅಂತ ನಗುತ್ತಾ ಫೋನ್ ಇಟ್ಟ. ಅವನ ಸ್ಟೇಟಸ್‌ನಲ್ಲಿ ಈಗಲೂ ದಿನಕ್ಕೊಂದು ಹಸು ಬರುತ್ತಿದೆ, "ಓಲೆ ಇದೆ, ಲಸಿಕೆ ಆಗಿದೆ" ಅಂತ ಬರೆದುಕೊಂಡು. ತಿಪಟೂರು, ಅರಸೀಕೆರೆ ಸುತ್ತಮುತ್ತ ಹೀಗೆ ಬೇರೆ ಜಾನುವಾರಿನ ಓಲೆ ಹಾಕಿದ ಹಸು ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ. ಒಬ್ಬಳೇ ಕೊಟ್ಟ ದೂರಿಗೆ ಅವನು ನಗುತ್ತಿದ್ದಾನೆ, ನಾಲ್ಕು ಜನ ಸೇರಿ ಕೊಡೋಣ.